ಕೈಗಡಿಯಾರದ ನಕಲು ಮತ್ತು ದುರಸ್ತಿಯ ನಿಯತ್ತು

(ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ನಕಲು ಎಂಬ ಪದಕ್ಕೆ ಎರಡು ಮುಖಗಳಿವೆ. ಪರೀಕ್ಷಾ ಕೊಠಡಿಯಲ್ಲಿ ಅದು ಅಪರಾಧ. ತಾಲ್ಲೂಕು ಕಚೇರಿಯಲ್ಲಿ ಅದೇ ಪದ ಗೌರವಾನ್ವಿತ ದಾಖಲೆಯ ಹೆಸರು. ಎರಡು ಕಡೆಯೂ ಅಕ್ಷರಗಳು ಮೂಲದಂತೆಯೇ ಇರುತ್ತವೆ. ವ್ಯತ್ಯಾಸವಿಷ್ಟೇ: ಕಚೇರಿಯ ದೃಢೀಕೃತ ಪ್ರತಿಯ ಮೇಲೆ ಅದು ನಕಲೆಂದು ಸ್ಪಷ್ಟವಾಗಿ ನಮೂದಿಸಿರುತ್ತಾರೆ. ಯಾಂತ್ರಿಕ ಕೈಗಡಿಯಾರಗಳನ್ನು ಹವ್ಯಾಸವಾಗಿ ಕಟ್ಟುವವರು, ಮಾರ್ಪಡಿಸುವವರು, ದುರಸ್ತಿ ಮಾಡುವವರು ದಿನವೂ ಎದುರಿಸುವ ಪ್ರಶ್ನೆಯೂ ಇದೇ ಆಗಿದೆ.

ಕರ್ನಾಟಕದಲ್ಲಿ ಕೈಗಡಿಯಾರ ತಯಾರಿಕೆ ಬೆಳೆದದ್ದೇ ಇನ್ನೊಬ್ಬರಿಂದ ಕಲಿತ ವಿದ್ಯೆಯಿಂದ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. ಮೊದಲ ಕಂತಿನ ಗಡಿಯಾರಗಳನ್ನು ಪ್ರಧಾನಿ ಜವಾಹರಲಾಲ್ ನೆಹರೂ ಬಿಡುಗಡೆ ಮಾಡಿದರು. ಜನತಾ, ಪೈಲಟ್ ಮೊದಲಾದ ಎಚ್‌ಎಂಟಿ ವಾಚುಗಳು ಕ್ರಮೇಣ ಹಳ್ಳಿಹಳ್ಳಿಗಳಿಗೂ ತಲುಪಿದವು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನಿಗೆ, ಮದುವಣಿಗನಿಗೆ, ನಿವೃತ್ತರಾಗುವ ಮೇಷ್ಟರಿಗೆ ಕೊಡತಕ್ಕ ಉಡುಗೊರೆ ಎಂದರೆ ಅದೇ ಎಂಬಂತಾಯಿತು. ಆ ವಾಚಿನ ಒಳಗಿನ ಯಂತ್ರದ ವಿನ್ಯಾಸ ಸಿಟಿಜನ್ನಿನಿಂದ ಬಂದದ್ದು. ಆದರೆ ಅದು ಒಪ್ಪಂದ ಮಾಡಿಕೊಂಡು, ಹಣ ತೆತ್ತು, ಬಹಿರಂಗವಾಗಿ ಕಲಿತ ವಿದ್ಯೆಯಾದ್ದರಿಂದ ಯಾರೂ ಅದನ್ನು ಖೋಟಾ ಎನ್ನಲಿಲ್ಲ.

ಚೀನಾದಲ್ಲಿಯೂ ಇಂಥದೇ ಕಥೆಯಿದೆ. 1961ರಲ್ಲಿ ಅಲ್ಲಿಯ ವಾಯುಪಡೆಗೆಂದು ಸ್ಟಾಪ್‌ವಾಚ್ ಸೌಲಭ್ಯವುಳ್ಳ ಕೈಗಡಿಯಾರವನ್ನು ತಯಾರಿಸುವ ಕೆಲಸ ಟಿಯಾಂಜಿನ್ ಕಾರ್ಖಾನೆಯ ಪಾಲಿಗೆ ಬಂತು. ಸ್ವಿಟ್ಜರ್ಲೆಂಡಿನ ವೀನಸ್ 175 ಎಂಬ ಯಂತ್ರದ ತಯಾರಿಕಾ ಸಲಕರಣೆಗಳನ್ನೇ ಅದಕ್ಕಾಗಿ ಕೊಳ್ಳಲಾಯಿತು. ಅದೇ ವಂಶದ ಯಂತ್ರವನ್ನು ಇಂದಿಗೂ ಹವ್ಯಾಸಿಗಳು ತರಿಸಿ ಗಡಿಯಾರ ಕಟ್ಟುತ್ತಾರೆ. ಸ್ವಿಸ್ ಸಂಸ್ಥೆ ಈಟಿಎಯ 2824 ಎಂಬ ಯಂತ್ರದ ಪೇಟೆಂಟ್ ಅವಧಿ ಮುಗಿದ ಮೇಲೆ ಸೆಲಿಟಾ ಎಂಬ ಇನ್ನೊಂದು ಸ್ವಿಸ್ ಸಂಸ್ಥೆ ಅದೇ ವಿನ್ಯಾಸದ ಯಂತ್ರವನ್ನು ತನ್ನ ಹೆಸರಿನಲ್ಲಿ ತಯಾರಿಸತೊಡಗಿತು. ಇದೂ ನ್ಯಾಯಸಮ್ಮತವೇ. ಭಾರತದಲ್ಲಿ ಪೇಟೆಂಟಿನ ಆಯುಷ್ಯ 20 ವರ್ಷ. ಆ ಬಳಿಕ ಆ ವಿದ್ಯೆ ಎಲ್ಲರ ಸೊತ್ತು. ಹೆಸರು ಮತ್ತು ಮುದ್ರೆಯ ಮಾತು ಬೇರೆ. ವ್ಯಾಪಾರ ಚಿಹ್ನೆಯನ್ನು 10 ವರ್ಷಕ್ಕೊಮ್ಮೆ ನವೀಕರಿಸುತ್ತ ಎಷ್ಟು ಕಾಲವಾದರೂ ಉಳಿಸಿಕೊಳ್ಳಬಹುದು. ಇನ್ನೊಬ್ಬರ ಚಿಹ್ನೆಯನ್ನು ಸುಳ್ಳಾಗಿ ಬಳಸುವುದು 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಸಂಕ್ಷೇಪವಾಗಿ ಹೇಳುವುದಾದರೆ, ಚಕ್ರದ ಹಲ್ಲುಗಳನ್ನು ಅನುಕರಿಸಬಹುದು, ಡಯಲಿನ ಮೇಲಿನ ಹೆಸರನ್ನು ಕದಿಯುವಂತಿಲ್ಲ.

ಇಷ್ಟು ತಿಳಿದ ಮೇಲೆ ಯಂತ್ರದೊಳಗೆ ಇಣುಕಬಹುದು. ಚಾವಿ ಕೊಟ್ಟಾಗ ಸುರುಳಿಯಾದ ಮೇನ್‌ಸ್ಪ್ರಿಂಗ್ ಬಿಗಿಯುತ್ತದೆ. ಅದು ಬಿಚ್ಚಿಕೊಳ್ಳುವ ಬಲ ಹಲ್ಲುಚಕ್ರಗಳ ಸಾಲಿನ ಮೂಲಕ ಹರಿದು ಎಸ್ಕೇಪ್ ಚಕ್ರವನ್ನು ತಲುಪುತ್ತದೆ. ಅಲ್ಲಿ ಕವೆಗೋಲಿನಂಥ ಪ್ಯಾಲೆಟ್ ಆ ಬಲವನ್ನು ಒಮ್ಮೆ ತಡೆದು ಒಮ್ಮೆ ಬಿಡುತ್ತದೆ. ಅದೇ ಟಿಕ್ ಟಿಕ್ ಸದ್ದು. ಯಾವಾಗ ತಡೆಯಬೇಕು, ಯಾವಾಗ ಬಿಡಬೇಕು ಎಂಬುದನ್ನು ನಿರ್ಧರಿಸುವುದು ಬ್ಯಾಲೆನ್ಸ್ ಚಕ್ರ ಮತ್ತು ಕೂದಲೆಳೆಯಷ್ಟು ಸಪುರವಾದ ಅದರ ಸ್ಪ್ರಿಂಗ್. 17 ಕಲ್ಲುಗಳ ಎಚ್‌ಎಂಟಿ ಜನತಾ ಗಂಟೆಗೆ 18,000 ಬಾರಿ, ಎಂದರೆ ದಿನಕ್ಕೆ 4,32,000 ಬಾರಿ ಬಡಿಯುತ್ತದೆ. ದಿನವೊಂದಕ್ಕೆ 86,400 ಸೆಕೆಂಡುಗಳು. ಹತ್ತು ಸೆಕೆಂಡು ಹಿಂದೆ ಬಿದ್ದಿತೆಂದು ವಾಚನ್ನು ದೂರುವವರು, ಆ ಯಂತ್ರ ತಪ್ಪಿದ್ದು 8,640ರಲ್ಲಿ ಒಂದು ಪಾಲು ಮಾತ್ರ ಎಂಬುದನ್ನು ಗಮನಿಸಬೇಕು. ಸೆಲ್ ಹಾಕುವ ಕ್ವಾರ್ಟ್ಜ್ ವಾಚು ಇದಕ್ಕಿಂತ ಬಹಳ ನಿಖರ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅಗ್ಗದ ಕ್ವಾರ್ಟ್ಜ್ ಯಂತ್ರ ಕೆಟ್ಟರೆ ಅದನ್ನು ಬಿಚ್ಚುವವರಿಲ್ಲ. ಕಿತ್ತೊಗೆದು ಬೇರೆ ಹಾಕುತ್ತಾರೆ. ಹಳೆಯ ಸೆಲ್ಲು ಹಿತ್ತಿಲ ಗೊಬ್ಬರದ ಗುಂಡಿಗೆ ಬೀಳುತ್ತದೆ.

ಹೊಸದಾಗಿ ಕಟ್ಟಲು ಹೊರಡುವವರು ಸಾಮಾನ್ಯವಾಗಿ ಜಪಾನಿನ ಸೀಕೊ ಬಳಗದ ಎನ್‌ಎಚ್35 ಎಂಬ ಯಂತ್ರವನ್ನು ಆರಿಸಿಕೊಳ್ಳುತ್ತಾರೆ. ಕೈ ಅಲುಗಾಟದಿಂದಲೇ ತನ್ನ ಸ್ಪ್ರಿಂಗನ್ನು ಬಿಗಿದುಕೊಳ್ಳುವ ಈ ಯಂತ್ರ ಗಂಟೆಗೆ 21,600 ಬಾರಿ ಬಡಿಯುತ್ತದೆ. ಡಯಲ್, ಮುಳ್ಳು, ಕವಚ, ಗಾಜು ಎಲ್ಲವನ್ನೂ ಬಿಡಿಯಾಗಿ ಕೊಂಡು ಜೋಡಿಸಬಹುದು. ಕೆಲಸ ಸುಲಭವೆಂದು ತೋರಿದರೂ ಅದು ಕೈಯ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಚಾವಿಯ ಕಡ್ಡಿಯನ್ನು ಕವಚದ ಅಳತೆಗೆ ಕತ್ತರಿಸುವಾಗ ಒಂದೇ ಏಟಿಗೆ ಕತ್ತರಿಸಬಾರದು. ತುಸು ಉದ್ದವಾಗಿಯೇ ಕತ್ತರಿಸಿ, ಅರದಿಂದ ಉಜ್ಜುತ್ತ, ಮತ್ತೆ ಮತ್ತೆ ಹಾಕಿ ನೋಡಬೇಕು. ಗಿಡ್ಡವಾದ ಕಡ್ಡಿ ಮತ್ತೆ ಬೆಳೆಯುವುದಿಲ್ಲ. ಮುಳ್ಳುಗಳನ್ನು ಕೂರಿಸುವಾಗ ಮೊದಲು ಯಂತ್ರವನ್ನು ಮುಂದಕ್ಕೆ ತಿರುಗಿಸಿ ತಾರೀಕು ಬದಲಾಗುವ ಕ್ಷಣದಲ್ಲಿ ನಿಲ್ಲಿಸಬೇಕು; ಆಗ ಗಂಟೆಯ ಮುಳ್ಳನ್ನು ನೇರವಾಗಿ 12ಕ್ಕೆ ಒತ್ತಬೇಕು. ಹೀಗೆ ಮಾಡದಿದ್ದರೆ ಮಟಮಟ ಮಧ್ಯಾಹ್ನ ತಾರೀಕು ಬದಲಾಗುವ ವಾಚು ಸಿದ್ಧವಾಗುತ್ತದೆ.

ಹಳೆಯ ವಾಚನ್ನು ಬಿಚ್ಚುವ ಕೆಲಸ ಇದಕ್ಕಿಂತ ಕಠಿಣ. ಮೊದಲ ನಿಯಮ, ಮೇನ್‌ಸ್ಪ್ರಿಂಗಿನ ಬಿಗಿಯನ್ನು ಮೆಲ್ಲನೆ ಇಳಿಸುವುದು. ಬಿಗಿಯಿರುವಾಗಲೇ ಪ್ಯಾಲೆಟನ್ನು ತೆಗೆದರೆ ಚಕ್ರಗಳು ಹುಚ್ಚೆದ್ದು ತಿರುಗಿ ಹಲ್ಲು, ಮೊನೆಗಳು ಹಾಳಾಗುತ್ತವೆ. ಎರಡನೆಯದು, ಬಿಚ್ಚಿದ ಪ್ರತಿಯೊಂದು ತಿರುಪನ್ನೂ ಅದರ ಸ್ಥಾನದ ಗುರುತಿನೊಂದಿಗೆ ಬೇರೆಬೇರೆ ಇಡುವುದು. ಮೂರನೆಯದು ಎಣ್ಣೆಯದು. ನಿಧಾನವಾಗಿ, ಭಾರ ಹೊತ್ತು ತಿರುಗುವ ಭಾಗಕ್ಕೆ ದಪ್ಪ ಎಣ್ಣೆ; ವೇಗವಾಗಿ ಚಲಿಸುವ ಭಾಗಕ್ಕೆ ತೆಳು ಎಣ್ಣೆ; ಪ್ಯಾಲೆಟಿನ ಮೊನೆಗಳಿಗೆ ಸಾಮಾನ್ಯವಾಗಿ ಎಣ್ಣೆಯೇ ಇಲ್ಲ. ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಉಪಕಾರ ಮಾಡಿದೆವೆಂದು ಭಾವಿಸುವವರು ವಾಚಿನ ಆಯುಷ್ಯವನ್ನೇ ಕಡಿಮೆ ಮಾಡುತ್ತಾರೆ. ತೊಳೆಯಲು ಬಳಸಿದ ಪೆಟ್ರೋಲನ್ನು ಒಲೆ, ದೀಪಗಳ ಬಳಿ ಇಡಬಾರದು. ಕೆಲಸ ಮುಗಿದ ಮೇಲೆ ಹಳ್ಳಕ್ಕಾಗಲಿ ಬಾವಿಕಟ್ಟೆಯ ಬಳಿಗಾಗಲಿ ಚೆಲ್ಲಬಾರದು.

ಮಲೆನಾಡಿನಲ್ಲಿ ವಾಚಿನ ಪರಮ ವೈರಿ ಮಳೆಗಾಲ. ಜನತಾ ವಾಚಿನ ಕವಚ ನೀರು ತಡೆಯುವಂಥದಲ್ಲ. ಗದ್ದೆಯ ಕೆಲಸ, ಬಚ್ಚಲಿನ ಹಬೆ, ಒದ್ದೆ ಅಂಗಿಯ ತೋಳು, ಇವಿಷ್ಟೇ ಸಾಕು, ಗಾಜಿನ ಒಳಗೆ ಮಂಜು ಕಟ್ಟಲು. ಮಂಜು ಕಂಡ ದಿನವೇ ಬಿಚ್ಚಿಸಿ ಒಣಗಿಸಿದರೆ ವಾಚು ಉಳಿಯುತ್ತದೆ. ನೋಡೋಣವೆಂದು ದೀಪಾವಳಿಯವರೆಗೆ ಕಾದರೆ ಚಾವಿಯ ಕಡ್ಡಿ ಮತ್ತು ತಿರುಪುಗಳು ತುಕ್ಕು ಹಿಡಿದಿರುತ್ತವೆ. ಬಳಸದ ವಾಚನ್ನು ತೇವ ಹೀರುವ ಸಿಲಿಕಾ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುವುದು ಒಳ್ಳೆಯದು. ವಾಚು ಏಕಾಏಕಿ ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಅಯಸ್ಕಾಂತದ ಪ್ರಭಾವವನ್ನು ಶಂಕಿಸಬೇಕು. ಸ್ಪೀಕರು, ಮೊಬೈಲುಗಳ ಸಹವಾಸದಿಂದ ಕೂದಲೆಳೆಯ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡರೆ ಹೀಗಾಗುತ್ತದೆ. ಶಾಲೆಯ ಪ್ರಯೋಗಾಲಯದ ದಿಕ್ಸೂಚಿಯ ಬಳಿ ವಾಚನ್ನು ಹಿಡಿದಾಗ ಅದರ ಮುಳ್ಳು ಬಲವಾಗಿ ಅಲುಗಿದರೆ ಶಂಕೆ ದೃಢವಾಯಿತು. ಅಯಸ್ಕಾಂತತೆ ಕಳೆಯುವ ಪುಟ್ಟ ಸಾಧನದಿಂದ ಇದು ಕ್ಷಣಮಾತ್ರದಲ್ಲಿ ಸರಿಹೋಗುತ್ತದೆ.

ಇನ್ನು ನಿಯತ್ತಿನ ಪ್ರಶ್ನೆ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ಆ ಬಳಿಕ ಹಳೆಯ ಎಚ್‌ಎಂಟಿಗಳಿಗೆ ಬೇಡಿಕೆ ಏರಿತು. ಬೇಡಿಕೆಯ ಬೆನ್ನಿಗೇ ಮೋಸವೂ ಬಂತು. ಸವೆದ ಯಂತ್ರಕ್ಕೆ ಕಣ್ಣು ಕುಕ್ಕುವ ಬಣ್ಣದ ಡಯಲ್ ಹಾಕಿ, ಅದರ ಮೇಲೆ ಹಳೆಯ ಕಂಪನಿಯ ಹೆಸರನ್ನು ಹೊಸದಾಗಿ ಮುದ್ರಿಸಿ, ಕಾರ್ಖಾನೆಯಲ್ಲಿ ಎಂದೂ ತಯಾರಾಗದ ಮಾದರಿಯನ್ನು ಅಪರೂಪದ್ದೆಂದು ಮಾರುವುದುಂಟು. ಇದರಿಂದ ಎರಡು ನಷ್ಟಗಳಿವೆ. ಕೊಳ್ಳುವವನು ಹಣ ಕಳೆದುಕೊಳ್ಳುವುದು ಒಂದು. ಅದಕ್ಕಿಂತ ದೊಡ್ಡದು, ಒಂದು ಕವಚಕ್ಕಾಗಿ, ಒಂದು ಚಕ್ರಕ್ಕಾಗಿ ನಡೆಯುತ್ತಿರುವ ವಾಚುಗಳನ್ನೇ ಒಡೆಯುವುದು. ಬಿಡಿಭಾಗಗಳು ಮುಖ್ಯವಾಗಿ ಹಳೆಯ ವಾಚುಗಳಿಂದಲೇ ಸಿಗಬೇಕಾದ ಕಾಲದಲ್ಲಿ ಹೀಗೆ ಒಡೆದ ಪ್ರತಿಯೊಂದು ವಾಚೂ ಮುಂದಿನ ದುರಸ್ತಿಯ ಬುತ್ತಿಯನ್ನು ಬರಿದು ಮಾಡುತ್ತದೆ.

ಹಾಗೆಂದು ಮಾರ್ಪಾಡೇ ತಪ್ಪೆಂದು ಭಾವಿಸಬೇಕಾಗಿಲ್ಲ. ಡಯಲ್ ಪೂರ್ತಿ ಕೆಟ್ಟ ವಾಚಿಗೆ ಕನ್ನಡ ಅಂಕಿಗಳ ಹೊಸ ಡಯಲ್ ಬರೆಸಿ ಹಾಕಿದರೆ ಅದು ಚೆಲುವಾದ ಕೆಲಸ. ಅದರ ಮೇಲೆ ಕಟ್ಟಿದವರ ಹೆಸರಿರಲಿ ಅಥವಾ ಯಾವ ಹೆಸರೂ ಇಲ್ಲದಿರಲಿ. ತೆಗೆದ ಹಳೆಯ ಡಯಲನ್ನು ಎಸೆಯದೆ ಕಾಗದದಲ್ಲಿ ಸುತ್ತಿ ಜೊತೆಗಿಡಲಿ. ಯಾವ ಭಾಗ ಮೂಲದ್ದು, ಯಾವುದು ಬೇರೆ ವಾಚಿನದು, ಯಾವುದು ಹೊಸದು, ಎಣ್ಣೆ ಹಾಕಿದ್ದು ಎಂದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಲಿ. ಆ ಚೀಟಿಯೇ ತಾಲ್ಲೂಕು ಕಚೇರಿಯ ಮೊಹರಿನಂತೆ ನಕಲನ್ನು ಪ್ರಾಮಾಣಿಕವಾಗಿಸುತ್ತದೆ.

ವಿದ್ಯಾರ್ಥಿಗಳು ಕೆಟ್ಟು ನಿಂತ ಅಗ್ಗದ ವಾಚೊಂದರಿಂದ ಕಲಿಕೆ ಆರಂಭಿಸಲಿ. ಅಜ್ಜನ ವಾಚನ್ನು ಮೊದಲ ದಿನವೇ ಬಿಚ್ಚುವ ಸಾಹಸ ಬೇಡ. ಒಂದು ಚಿಮಟ, ಸಣ್ಣ ತಿರುಪುಳಿ, ಕಣ್ಣಿಗೆ ಹಿಡಿಯುವ ಭೂತಗನ್ನಡಿ, ಕೆಳಗೆ ಹಾಸಲು ಬಿಳಿ ಬಟ್ಟೆ ಇದ್ದರೆ ಮೊದಲ ಪಾಠಕ್ಕೆ ಸಾಕು. ಇವೆಲ್ಲಕ್ಕಿಂತ ಮುಖ್ಯವಾದುದು ಗುರು. ಪೇಟೆಯ ಬಸ್‌ ನಿಲ್ದಾಣದ ಬಳಿ, ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತ ವಯಸ್ಸಾದ ವಾಚ್ ರಿಪೇರಿಯವರು ಇನ್ನೂ ಅಲ್ಲಲ್ಲಿ ಇದ್ದಾರೆ. ಎಣ್ಣೆ ಎಷ್ಟು ಹನಿಯಬೇಕು, ಸದ್ದು ಕೇಳಿಯೇ ದೋಷವನ್ನು ಹೇಗೆ ಗುರುತಿಸಬೇಕು ಎಂಬ ಅವರ ಅರಿವು ಯಾವ ಪುಸ್ತಕದಲ್ಲಿಯೂ ಪೂರ್ತಿಯಾಗಿ ಇಲ್ಲ. ಅವರಲ್ಲಿ ಅನೇಕರ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ಬಿಡಿಭಾಗವನ್ನು ಎಲ್ಲಿಂದಲಾದರೂ ತರಿಸಬಹುದು, ಇಲ್ಲವೇ ಹೊಸದಾಗಿ ಮಾಡಿಸಬಹುದು. ಆ ಕೈಗಳ ವಿದ್ಯೆಗೆ ಮಾತ್ರ ಬದಲಿ ಭಾಗವಿಲ್ಲ. ಅವರು ಅಂಗಡಿಯ ಬಾಗಿಲು ಮುಚ್ಚುವ ಮೊದಲು ಒಬ್ಬಿಬ್ಬರಾದರೂ ವಿದ್ಯಾರ್ಥಿಗಳು ಆ ಗಾಜಿನ ಪೆಟ್ಟಿಗೆಯ ಮುಂದೆ ಹೋಗಿ ಕುಳಿತುಕೊಳ್ಳುವುದು ಅಗತ್ಯ.