ಕೈಯಲ್ಲಿ ಕದಿರು, ಪಕ್ಕದಲ್ಲಿ ಟಗರು
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನೂಲುವ ಹೆಣ್ಣುಮಕ್ಕಳ ಪರವಾಗಿ ಮಾಡಿದ ಭಾಷಣ)



ನೂಲುವವರೂ ನಾಲ್ಕು ಮಾತಾಡಲಿ ಅಂತ ನಮ್ಮನ್ನು ವೇದಿಕೆಗೆ ಕರೆದಿದ್ದೀರಿ. ಷೇರು, ಠೇವಣಿ, ಸಾಲ ವಸೂಲಿಯ ಲೆಕ್ಕವನ್ನು ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ನಮಗೆ ಗೊತ್ತಿರುವುದು ಉಣ್ಣೆ ಮಾತ್ರ, ಅದನ್ನೇ ಹೇಳುತ್ತೇವೆ. ಜೊತೆಗೆ ನಮ್ಮ ಕರಿಯನ ವಿಷಯ. ಕರಿಯ ಯಾರು ಅಂತ ಮೇಲಿನ ಕೇರಿಯವರಿಗೆ ಹೇಳಬೇಕಾಗಿಲ್ಲ. ಅವರ ಬೇಲಿಯ ಹೀರೆಬಳ್ಳಿ ತಿಂದ ಟಗರು ಅವನೇ.

ಕರಿಯ ತಬ್ಬಲಿ ಮರಿ. ತಾಯಿ ಸತ್ತ ಮೇಲೆ ಬಾಟಲಿ ಹಾಲು ಕುಡಿದು ಮನೆಯೊಳಗೇ ಬೆಳೆದ. ಹಿಂಡಿಗೆ ಬಿಟ್ಟರೆ ಹೋಗುವುದಿಲ್ಲ, ಒಂದು ಕಡೆ ಕಟ್ಟಿದರೆ ಗೂಟವನ್ನೇ ಕೀಳುತ್ತಾನೆ. ಸಂಜೆ ಅವನನ್ನು ಒಂದು ಸುತ್ತು ಅಡ್ಡಾಡಿಸಲೇಬೇಕು. ಸುಮ್ಮನೆ ಯಾಕೆ ಅಡ್ಡಾಡುವುದು ಅಂತ ಕದಿರನ್ನೂ ಕೈಯಲ್ಲಿ ಹಿಡಿದೆವು. ಮೊದಲು ಇಬ್ಬರಿದ್ದೆವು, ಈಗ ಏಳು ಜನ. ಗುಡಿ ಕಟ್ಟೆಯಿಂದ ಹೊರಟು ಕೆರೆ ಏರಿಯವರೆಗೆ ಹೋಗಿ ಬರುತ್ತೇವೆ. ಹಂಜಿಯನ್ನು ಎಡ ಮುಂಗೈಗೆ ಸುತ್ತಿಕೊಂಡು, ಕದಿರು ತಿರುವಿ ಬಿಟ್ಟು, ಎಳೆ ಎಳೆದುಕೊಂಡು ನಡೆಯುವುದು. ಹಗ್ಗ ಮಾತ್ರ ಸೊಂಟಕ್ಕೆ.

ಇದೇನೂ ನಾವು ಕಂಡುಹಿಡಿದದ್ದಲ್ಲ. ಕುರಿ ಹಿಂದೆ ಹೋಗುವ ನಮ್ಮ ಅಜ್ಜಂದಿರು ನಡೆಯುತ್ತಲೇ ನೂಲುತ್ತಿದ್ದರು, ನಾಯಿ ಮುಂದೆ, ಕುರಿ ನಡುವೆ, ಕದಿರು ಹಿಂದೆ. ಹಿಮಾಚಲದ ಗದ್ದಿ ಕುರಿಗಾರರೂ ಹಾಗೇ ನೂಲುತ್ತಾರೆ. ದೂರದ ಪೆರು ದೇಶದ ಬೆಟ್ಟದ ಹೆಂಗಸರೂ ನಡೆದುಕೊಂಡೇ ನೂಲುತ್ತಾರೆ. ರಾಟೆ ನಮ್ಮನ್ನು ಒಂದು ಕಡೆ ಕೂರಿಸುತ್ತದೆ. ಕದಿರು ಹಂಗಲ್ಲ, ನಾವು ಹೋದ ಕಡೆ ಬರುತ್ತದೆ.

ಈಗ ನಮ್ಮ ದೂರಿಗೆ ಬರುತ್ತೇವೆ. ಹಬ್ಬದ ದಿನ ದೂರು ಯಾಕೆ ಅನ್ನಬೇಡಿ, ಇವತ್ತಲ್ಲದೆ ಇನ್ನಾವತ್ತು ಎಲ್ಲರೂ ಒಟ್ಟಿಗೆ ಸಿಗುತ್ತೀರಿ?

ಕೆಲವು ವರ್ಷದ ಹಿಂದೆ ನಮ್ಮ ಸಂಘದಲ್ಲಿ ಒಂದು ನಿಯಮ ಬಂತು. ನೂಲು ಒಂದೇ ಸಮ ಇರಬೇಕು, ಇಲ್ಲದಿದ್ದರೆ ದರ ಕಡಿತ. ರಾಟೆ ನೂಲು ಪಾಸಾಯಿತು. ನಡೆದು ನೂತ ಲಡಿಗಳು ವಾಪಸ್ಸು ಬಂದವು. ನಿಜ, ನಮ್ಮ ನೂಲಿನಲ್ಲಿ ಏರುಪೇರಿದೆ. ಕರಿಯ ಎಳೆದಾಗ ಹುರಿ ಸಡಿಲವಾಗುತ್ತದೆ, ಯಾರಾದರೂ ಮಾತಾಡಿಸಿದರೆ ಎಳೆ ದಪ್ಪವಾಗುತ್ತದೆ. ಸುಳ್ಳು ಹೇಳುವುದಿಲ್ಲ. ಆದರೆ ನಿಯಮ ಮಾಡಿದವರು ಮಗ್ಗದ ಗುಂಡಿಯಲ್ಲಿ ಕೂತವರನ್ನು ಕೇಳಲಿಲ್ಲ.

ಕಂಬಳಿಗೆ ಎರಡು ಥರದ ನೂಲು ಬೇಕು. ಹಾಸಿನ ನೂಲಿಗೆ ಹುರಿ ಬಿಗಿ ಇರಬೇಕು. ಹುಣಸೆ ಬೀಜದ ಗಂಜಿ ಕುಡಿದು, ಮಗ್ಗದ ಎಳೆತ ತಡೆಯಬೇಕಾದದ್ದು ಅದು. ಅಲ್ಲಿ ನಮ್ಮ ನೂಲು ಹಾಕಿದರೆ ಪಟಪಟ ಕಡಿಯುತ್ತದೆ, ಒಪ್ಪುತ್ತೇವೆ. ಹೊಕ್ಕಿನ ನೂಲು ಬೇರೆ. ಅದು ಸ್ವಲ್ಪ ಸಡಿಲ, ಸ್ವಲ್ಪ ದಪ್ಪ ಇದ್ದರೇ ಒಳ್ಳೆಯದು. ಸಂದು ತುಂಬಿಕೊಳ್ಳುತ್ತದೆ, ಕಂಬಳಿ ಬೆಚ್ಚಗಿರುತ್ತದೆ. ಎರಡಕ್ಕೂ ಒಂದೇ ಅಳತೆಗೋಲು ಹಿಡಿದದ್ದು ತಪ್ಪು.

ಲಡಿ ವಾಪಸ್ಸು ಬಂದ ದಿನ ನಮ್ಮ ದೊಡ್ಡಮ್ಮ ಒಬ್ಬರು ಏನೂ ಅನ್ನಲಿಲ್ಲ. ಮನೆಗೆ ಹೋಗಿ ಕದಿರನ್ನು ಸೂರಿಗೆ ಸಿಕ್ಕಿಸಿಬಿಟ್ಟರು. ಅವರಿಗೆ ಮಂಡಿ ನೋವು, ರಾಟೆ ಮುಂದೆ ಕೂರಲು ಆಗುವುದಿಲ್ಲ. ನಿಧಾನಕ್ಕೆ ನಡೆಯಲು ಆಗುತ್ತದೆ. ಎರಡು ವರ್ಷ ನೂಲಲಿಲ್ಲ, ಹೊರಗೂ ಹೆಚ್ಚು ಬರಲಿಲ್ಲ. ಕೂಲಿ ಹೋದದ್ದಕ್ಕಿಂತ ಅವರ ಸಂಜೆ ಹೋದದ್ದು ನಮಗೆ ಜಾಸ್ತಿ ನೋವಾಯಿತು. ಕೊನೆಗೆ ಅವರನ್ನು ಹೊರಗೆಳೆದದ್ದು ನಾವಲ್ಲ, ಕರಿಯ. ಅವರ ಬಾಗಿಲಿಗೆ ಹೋಗಿ ಕೊಂಬಿನಿಂದ ಕುಟ್ಟುತ್ತಾ ನಿಂತುಬಿಟ್ಟ. ಬೈಯಲು ಅಂತ ಎದ್ದು ಬಂದವರು ನಮ್ಮ ಜೊತೆ ಕೆರೆಯವರೆಗೆ ನಡೆದರು.

ಉಣ್ಣೆಯ ಕಾಲ ಹೋಯಿತು ಅನ್ನುವವರಿದ್ದಾರೆ. ಮಾಂಸಕ್ಕೆ ಬೆಲೆ ಬಂದ ಮೇಲೆ ಉಣ್ಣೆ ಕಡಿಮೆ ಇರುವ ತಳಿ ಕಟ್ಟುವವರು ಹೆಚ್ಚಾದರು. ನಮ್ಮ ದಖನಿ ಕುರಿಯ ಕರಿ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ, ನಿಜ. ಆದರೆ ಬಣ್ಣ ಹಾಕದೆ ಕಪ್ಪು, ಮಳೆಗೂ ಚಳಿಗೂ ಒದಗುತ್ತದೆ. ವಿಶ್ವಸಂಸ್ಥೆ 2009ನ್ನು ನೈಸರ್ಗಿಕ ನಾರುಗಳ ವರ್ಷ ಅಂತ ಆಚರಿಸಿತು, 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಅಂತ ಘೋಷಿಸಿತು. ಘೋಷಣೆಯಿಂದ ಕಂಬಳಿ ಮಾರಾಟವಾಗುವುದಿಲ್ಲ, ಬಿಡಿ. ಆದರೆ 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರ ನಾಡು ನಮ್ಮದು. ಒಂದು ಸಣ್ಣ ನಿಯಮ ತಿದ್ದುವುದು ನಮಗೆ ಕಷ್ಟವಾಗಬಾರದು.

ನಾವು ಕೇಳುವುದು ಇಷ್ಟೇ. ಹಾಸಿಗೊಂದು, ಹೊಕ್ಕಿಗೊಂದು, ಎರಡು ರಸೀದಿ ಪುಸ್ತಕ ಇಡಿ. ಹೊಕ್ಕಿನ ನೂಲನ್ನು ತೂಕದ ಮೇಲೆ ಕೊಳ್ಳಿ. ಪರೀಕ್ಷೆ ಮಾಡುವಾಗ ಒಬ್ಬ ನೇಕಾರರನ್ನೂ ಕೂರಿಸಿಕೊಳ್ಳಿ. ನೂಲಿನಲ್ಲಿ ಹೊಟ್ಟು, ಮುಳ್ಳು ಇದ್ದರೆ ಕಡಿತ ಮಾಡಿ, ಅದಕ್ಕೆ ನಮ್ಮ ತಕರಾರಿಲ್ಲ.

ದೊಡ್ಡಮ್ಮ ಈ ತಿಂಗಳು ನೂತ ಲಡಿಯನ್ನು ಮೇಜಿನ ಮೇಲೆ ಇಟ್ಟಿದ್ದೇವೆ. ಅಧ್ಯಕ್ಷರು ಮುಟ್ಟಿ ನೋಡಬೇಕು. ಜಿಡ್ಡು ಕೈಗೆ ಹತ್ತುತ್ತದೆ, ಶಲ್ಯಕ್ಕೆ ಒರೆಸಿಕೊಳ್ಳಬೇಡಿ. ಕರಿಯನನ್ನು ಹೊರಗೆ ಬೇವಿನ ಮರಕ್ಕೆ ಕಟ್ಟಿದ್ದೇವೆ. ಊಟಕ್ಕೆ ಹೋಗುವವರು ಆ ಕಡೆಯಿಂದ ಹೋಗುವಾಗ ಬಾಳೆಎಲೆ ಜೋಪಾನ.