ಎರಡು ಕಾವೇರಿ

ಚಲನಚಿತ್ರ ಸಂಗೀತವೆಂದೊಡನೆ ನಮ್ಮ ಸಾಹಿತ್ಯಾಸಕ್ತರಲ್ಲಿ ಕೆಲವರು ಮುಖ ತಿರುಗಿಸುವುದುಂಟು. ಕವಿಯ ಮಾತನ್ನು ವಾದ್ಯಗಳ ಗದ್ದಲದಲ್ಲಿ ಮುಳುಗಿಸುವುದು, ಮೊದಲು ಮಟ್ಟು ಹಾಕಿ ಆಮೇಲೆ ಅದರ ಅಳತೆಗೆ ಪದಗಳನ್ನು ಕತ್ತರಿಸಿ ಕೂಡಿಸುವುದು, ಇವು ಅವರ ಆಕ್ಷೇಪಣೆಗಳು. ಬಹುಮಟ್ಟಿಗೆ ಇವು ನ್ಯಾಯವಾದ ಆಕ್ಷೇಪಣೆಗಳೇ. ಆದರೆ ಕನ್ನಡದ ಒಬ್ಬ ಸಂಗೀತ ನಿರ್ದೇಶಕರ ಮುಂದೆ ಇವು ತಮ್ಮ ಬಲವನ್ನು ಕಳೆದುಕೊಳ್ಳುತ್ತವೆ. ಅವರು ವಿಜಯಭಾಸ್ಕರ್. 1950ರ ದಶಕದ ನಡುಭಾಗದಿಂದ ನಾಲ್ಕು ದಶಕಗಳ ಕಾಲ ಚಿತ್ರರಂಗಕ್ಕಾಗಿ ದುಡಿದು 2002ರಲ್ಲಿ ತೀರಿಕೊಂಡ ಈ ಸಂಗೀತಗಾರರನ್ನು ಕುರಿತು ಕೊಡಗಿನ ನೆಲದಲ್ಲಿ ನಿಂತು ಮಾತನಾಡುವುದಕ್ಕೆ ಒಂದು ವಿಶೇಷವಾದ ಕಾರಣವಿದೆ. ಅವರು ರಾಗ ಸಂಯೋಜಿಸಿದ ‘ಕೊಡಗಿನ ಕಾವೇರಿ’ ಎಂಬ ಗೀತೆಯೇ ಆ ಕಾರಣ.

ಈ ಗೀತೆ ಬರುವುದು 1971ರಲ್ಲಿ ತೆರೆಕಂಡ ‘ಶರಪಂಜರ’ದಲ್ಲಿ. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು ಚಿತ್ರವಾಗಿಸಿದರು. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು. 1963ರಲ್ಲಿಯೇ ಅಗಲಿದ್ದ ಲೇಖಕಿಗೆ ಅದನ್ನು ಕಾಣುವ ಯೋಗವಿರಲಿಲ್ಲ. ಕಲ್ಪನಾ ಅಭಿನಯಿಸಿದ ನಾಯಕಿಯ ಹೆಸರು ಕಾವೇರಿ. ಪತಿ ಪತ್ನಿಯ ಚೆಲುವನ್ನು ಹೊಗಳುವ ಹಾಡಿನಲ್ಲಿ ನದಿ ಯಾವುದು, ಹೆಣ್ಣು ಯಾವುದು ಎಂದು ಬೇರ್ಪಡಿಸಲಾಗದಂತೆ ಎರಡೂ ಬೆರೆತುಹೋಗಿವೆ. ಪಿ. ಬಿ. ಶ್ರೀನಿವಾಸ್ ಮತ್ತು ಪಿ. ಸುಶೀಲಾ ಅವರ ಕಂಠಗಳಲ್ಲಿ ಅದು ನಾಡಿನ ಮನೆಮನೆಗೂ ತಲುಪಿತು.

ಇಲ್ಲಿ ಕೊಡಗಿನವರೊಬ್ಬರು ಒಂದು ಪ್ರಶ್ನೆ ಕೇಳಬಹುದು. ಕಾವೇರಿ ನಮಗೆ ತಾಯಿ, ಕುಲದೇವತೆ. ತುಲಾ ಸಂಕ್ರಮಣದಂದು ತಲಕಾವೇರಿಯ ತೀರ್ಥೋದ್ಭವಕ್ಕೆ ಕಾದು ನಿಲ್ಲುವವರ ಕಣ್ಣಿಗೆ ಕಾಣುವವಳು ಮಾತೆಯೇ ಹೊರತು ಬಿನ್ನಾಣದ ತರುಣಿಯಲ್ಲ. ಅಷ್ಟೇ ಅಲ್ಲ, ಕೊಡವರಿಗೆ ತಮ್ಮದೇ ಆದ ಹಾಡಿನ ಸಂಪತ್ತಿದೆ. ದುಡಿ ಬಾರಿಸುತ್ತ ನಾಲ್ವರು ಕೂಡಿ ಹಾಡುವ ಆ ಪಾಟುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಪ್ರಕಟಿಸಿದ್ದರು. ಚಿತ್ರದ ಹಾಡಿನಲ್ಲಿ ಆ ದುಡಿಯ ನಡೆಯ ಸುಳಿವಿಲ್ಲ. ಅದು ಲಲಿತ ಸಂಗೀತದ ಜಾಡಿನಲ್ಲಿ ಸಾಗುವ ಮಧುರವಾದ ಯುಗಳಗೀತೆ. ಹಾಗಾದರೆ ಕೊಡಗು ಇಲ್ಲಿ ಬರಿಯ ಹಿನ್ನೆಲೆಯ ಪರದೆಯೆ?

ಪ್ರಶ್ನೆ ಸಾಧುವಾದುದು. ಕೊಡಗಿನ ಸಂಗೀತವನ್ನು ಈ ಹಾಡಿನಲ್ಲಿ ಹುಡುಕುವವರಿಗೆ ನಿರಾಶೆ ತಪ್ಪದು. ಆದರೆ ಕೊಡಗಿನ ಕಥೆಯೊಂದು, ಬಹುಶಃ ಕೊಡಗಿನ ಮೂಲಕಥೆಯೇ, ಈ ಚಿತ್ರದ ಒಡಲಿನಲ್ಲಿ ಅಡಗಿದೆ. ಕವೇರ ಮುನಿಯ ಸಾಕುಮಗಳು ಅಗಸ್ತ್ಯರನ್ನು ವರಿಸುವಾಗ ಒಂದು ನಿಬಂಧನೆ ಹಾಕುತ್ತಾಳೆ: ತನ್ನನ್ನು ಎಂದಿಗೂ ಒಂಟಿಯಾಗಿ ಬಿಟ್ಟುಹೋಗಬಾರದು. ಒಂದು ದಿನ ಋಷಿ ಅವಳನ್ನು ಕಮಂಡಲುವಿನಲ್ಲಿ ಇರಿಸಿ ಸ್ನಾನಕ್ಕೆ ತೆರಳುತ್ತಾರೆ. ಮಾತು ತಪ್ಪಿದ ಆ ಗಳಿಗೆಯಲ್ಲಿಯೇ ಅವಳು ನೀರಾಗಿ ಹೊರಚೆಲ್ಲಿ, ಭೂಮಿಯೊಳಗೆ ಹೊಕ್ಕು, ಭಾಗಮಂಡಲದಲ್ಲಿ ಮೇಲೆದ್ದು ಹರಿಯುತ್ತಾಳೆ. ಬಲಮುರಿಯಲ್ಲಿ ಅವಳನ್ನು ತಡೆಯಲು ನಿಂತ ಹೆಂಗಳೆಯರ ಸೀರೆಯ ನೆರಿಗೆಗಳು ಆ ಪ್ರವಾಹದ ರಭಸಕ್ಕೆ ಹಿಂದೆ ಸರಿದುವೆಂದೂ ಕೊಡವತಿಯರು ಇಂದಿಗೂ ನೆರಿಗೆಯನ್ನು ಹಿಂದಕ್ಕೆ ಉಡುವುದು ಅದರ ಗುರುತೆಂದೂ ಐತಿಹ್ಯವಿದೆ.

ಚಿತ್ರದ ಕಾವೇರಿಗೂ ಒಂಟಿತನವೇ ಒದಗುತ್ತದೆ. ಬಾಣಂತಿತನದ ದಿನಗಳಲ್ಲಿ ಅವಳ ಮನಸ್ಸು ಕದಡುತ್ತದೆ. ಚಿಕಿತ್ಸೆ ಪಡೆದು ಗುಣವಾಗಿ ಬಂದ ಮೇಲೆ ಮನೆಯೂ ನೆರೆಹೊರೆಯೂ ಅವಳನ್ನು ಹುಚ್ಚಿಯೆಂದೇ ನೋಡುತ್ತವೆ. ಗಂಡನ ಮನಸ್ಸು ಬೇರೆಡೆಗೆ ಹರಿದಿರುತ್ತದೆ. ಪುರಾಣದ ಕಾವೇರಿಗೆ ಹರಿದುಹೋಗಲು ದಾರಿಯಿತ್ತು. ಸಂಸಾರದ ಕಾವೇರಿಗೆ ಇದ್ದುದು ಬಾಣಗಳ ಪಂಜರ, ಕೊನೆಗೆ ಮತ್ತೆ ಆಸ್ಪತ್ರೆಯ ಬಾಗಿಲು.

ಇಷ್ಟನ್ನು ನೆನಪಿನಲ್ಲಿಟ್ಟುಕೊಂಡು ಆ ಹಾಡನ್ನು ಇನ್ನೊಮ್ಮೆ ಆಲಿಸಬೇಕು. ಅದು ಗಂಡನ ಕಣ್ಣಿಗೆ ಕಂಡ ಕಾವೇರಿ. ಅವನು ಕಂಡದ್ದು ಚೆಲುವನ್ನು ಮಾತ್ರ. ಮುಂದೆ ಬರಲಿರುವ ದುಃಖದ ಮುನ್ಸೂಚನೆಯಾಗಿ ಒಂದು ಅಪಸ್ವರವನ್ನು ಸೇರಿಸುವುದು ಸಂಗೀತ ನಿರ್ದೇಶಕನಿಗೆ ಕಷ್ಟದ ಕೆಲಸವಾಗಿರಲಿಲ್ಲ. ವಿಜಯಭಾಸ್ಕರರು ಹಾಗೆ ಮಾಡಲಿಲ್ಲ. ಹಾಡನ್ನು ಪೂರ್ಣವಾಗಿ ಸುಖಿಯಾಗಿಯೇ ಬಿಟ್ಟರು. ಆದುದರಿಂದಲೇ, ಕಾಡಿನಿಂದ ಹಿಂದಿರುಗಿದ ಸೀತೆಯನ್ನು ಕುರಿತ ಹಾಡನ್ನು ಅದೇ ಕಾವೇರಿ ಚಿತ್ರದ ಉತ್ತರಾರ್ಧದಲ್ಲಿ ಹಾಡುವಾಗ ನಮ್ಮ ಎದೆ ಬಿರಿಯುತ್ತದೆ. ಸೀತೆಗೆ ಸಿಕ್ಕ ಸ್ವಾಗತ ಎಂಥದೆಂಬುದನ್ನು ಅರಿತ ನಮಗೆ ಈ ಸೀತೆಯ ಗತಿಯೂ ಗೊತ್ತು. ಒಂದು ಹಾಡು ಇನ್ನೊಂದಕ್ಕೆ ಹೀಗೆ ಅರ್ಥ ಕೊಡುವುದು ಕಾದಂಬರಿಯ ಶಿಲ್ಪಕ್ಕೆ ಸಮೀಪವಾದ ಗುಣ.

ಇದೇ ಚಿತ್ರದಲ್ಲಿ ಬೇಂದ್ರೆಯವರ ಕವಿತೆಯೊಂದಿದೆ. ಎರಡು ಧ್ರುವಗಳ ನಡುವಣ ಚುಂಬಕ ಸೆಳೆತವನ್ನು ಪ್ರೇಮದ ಸೆಳೆತವಾಗಿ ಕಂಡ ಕವಿತೆ. ಅದಕ್ಕೆ ನಾಲ್ಕು ವರ್ಷ ಮೊದಲು, 1967ರ ‘ಬೆಳ್ಳಿಮೋಡ’ದಲ್ಲಿ, ಬೇಂದ್ರೆಯವರ ‘ಬೆಳಗು’ ಕವಿತೆಗೆ ವಿಜಯಭಾಸ್ಕರರು ರಾಗ ಕೂಡಿಸಿದ್ದರು. ಅದೂ ತ್ರಿವೇಣಿಯವರ ಕಾದಂಬರಿಯೇ. ಪುಟ್ಟಣ್ಣನವರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ. ಅಚ್ಚಾಗಿ ನಾಡಿನ ನಾಲಗೆಯ ಮೇಲೆ ನೆಲೆಸಿದ ಕವಿತೆಯನ್ನು ಮಟ್ಟಿಗೆ ತಕ್ಕಂತೆ ಕತ್ತರಿಸುವಂತಿಲ್ಲ; ಮಟ್ಟೇ ಅದರ ಮಾತ್ರೆಗಳ ಹಿಂದೆ ನಡೆಯಬೇಕು. ಆ ವಿಧೇಯತೆ ವಿಜಯಭಾಸ್ಕರರಿಗೆ ಸಹಜವಾಗಿತ್ತು. 1982ರ ‘ಮಾನಸ ಸರೋವರ’ದಲ್ಲಿ ಜಿ. ಎಸ್. ಶಿವರುದ್ರಪ್ಪನವರ ಕವಿತೆಗಳೂ ಹೀಗೆಯೇ ತಮ್ಮ ಮೈಕಟ್ಟನ್ನು ಉಳಿಸಿಕೊಂಡು ಹಾಡಾದುವು. ಅಲ್ಲಿ ಮನಸ್ಸಿನ ಸಮತೋಲ ಕಳೆದುಕೊಳ್ಳುವವನು ಸ್ವತಃ ಮನೋವೈದ್ಯ. ‘ಶರಪಂಜರ’ದ ನೋವಿಗೆ ಇದು ಹನ್ನೊಂದು ವರ್ಷಗಳ ಅನಂತರ ಬಂದ ಮಾರುತ್ತರದಂತಿದೆ.

ಪುಟ್ಟಣ್ಣನವರ ಎಲ್ಲ ಚಿತ್ರಗಳಿಗೂ ಸಂಗೀತ ಇವರದೇ ಎಂದು ಭಾವಿಸಬಾರದು. ‘ಸಾಕ್ಷಾತ್ಕಾರ’, ಭಾರತೀಸುತರ ಕಾದಂಬರಿಯನ್ನಾಧರಿಸಿದ ‘ಎಡಕಲ್ಲು ಗುಡ್ಡದ ಮೇಲೆ’, ‘ರಂಗನಾಯಕಿ’ ಇವು ಎಂ. ರಂಗರಾಯರ ಕೃತಿಗಳು. ‘ಗೆಜ್ಜೆಪೂಜೆ’, ‘ನಾಗರಹಾವು’, ‘ಶುಭಮಂಗಳ’, ‘ಕಥಾಸಂಗಮ’ ಮುಂತಾದವು ವಿಜಯಭಾಸ್ಕರರ ಪಾಲಿಗೆ ಬಂದುವು. ಪುಟ್ಟಣ್ಣನವರಿಗಿಂತ ಮೊದಲೇ ‘ರಾಣಿ ಹೊನ್ನಮ್ಮ’, ‘ಸಂತ ತುಕಾರಾಂ’ ಚಿತ್ರಗಳಿಂದ ಅವರು ಹೆಸರಾಗಿದ್ದರು.

ಆ ಮೊದಲ ಘಟ್ಟದ ಒಂದು ಚಿತ್ರವನ್ನು ಇಲ್ಲಿ ಹೇಳದಿದ್ದರೆ ಅವರ ಚಿತ್ರ ಅಪೂರ್ಣವಾಗುತ್ತದೆ. ಅದು 1964ರಲ್ಲಿ ಎನ್. ಲಕ್ಷ್ಮೀನಾರಾಯಣರು ನಿರ್ದೇಶಿಸಿದ ‘ನಾಂದಿ’. ಅದರ ನಾಯಕ ಉಪಾಧ್ಯಾಯ. ಅವನ ಕೈಹಿಡಿದವಳಿಗೆ ಕಿವಿ ಕೇಳಿಸದು, ಮಾತು ಬಾರದು. ಶಬ್ದವೇ ತಲುಪದ ಬಾಳಿನ ಕಥೆಗೆ ಸಂಗೀತ ಒದಗಿಸುವುದೆಂದರೆ ಎಂಥ ಪರೀಕ್ಷೆ! ಎಲ್ಲಿ ಹಾಡಬೇಕೆಂಬುದಕ್ಕಿಂತ ಎಲ್ಲಿ ಸುಮ್ಮನಿರಬೇಕೆಂಬ ಪಾಠವನ್ನು ಅಂಥ ಕಥೆಗಳೇ ಕಲಿಸಬಲ್ಲವು.

ಈ ಪಾಠದ ಫಲ ಕಾಣಿಸಿದ್ದು ಸುಮಾರು ಕಾಲು ಶತಮಾನದ ಅನಂತರ, ಮಲೆಯಾಳದಲ್ಲಿ. ಹಾಡುಗಳನ್ನು ಬಳಸದ, ಹಿನ್ನೆಲೆ ಸಂಗೀತವನ್ನೂ ಅಳೆದು ಬಳಸುವ ಅಡೂರು ಗೋಪಾಲಕೃಷ್ಣನ್ ಅವರು ‘ಮದಿಲುಗಳ್’ ಚಿತ್ರಕ್ಕೆ ವಿಜಯಭಾಸ್ಕರರನ್ನು ಆರಿಸಿಕೊಂಡರು. ವೈಕ್ಕಂ ಮುಹಮ್ಮದ್ ಬಷೀರರ ಆ ಕಥೆಯಲ್ಲಿ ಸೆರೆಮನೆಯ ಗೋಡೆಯಾಚೆಯಿಂದ ಹೆಣ್ಣಿನ ದನಿಯೊಂದು ಕೇಳಿಬರುತ್ತದೆ. ಅವಳ ಮುಖವನ್ನು ನಾವು ಕೊನೆಯವರೆಗೂ ಕಾಣುವುದಿಲ್ಲ. ದನಿಯೇ ಪ್ರೇಮವಾಗಿರುವಾಗ ಅದರ ಮೇಲೆ ವಾದ್ಯಗಳು ಕವಿಯಬಾರದು. ಮುಂದೆ 1993ರ ‘ವಿಧೇಯನ್’, 1995ರ ‘ಕಥಾಪುರುಷನ್’ ಚಿತ್ರಗಳಿಗೂ ಅಡೂರರು ಅವರನ್ನೇ ಕರೆದರು. ‘ವಿಧೇಯನ್’ ನಮ್ಮ ದಕ್ಷಿಣ ಕನ್ನಡದ ನೆಲದಲ್ಲಿ, ಪಟೇಲನೊಬ್ಬನ ದರ್ಪದ ನೆರಳಿನಲ್ಲಿ ನಡೆಯುವ ಕಥೆ.

ನೂರಾರು ಹಾಡುಗಳಿಂದ ಜನಪ್ರಿಯರಾದ ಸಂಗೀತಗಾರರೊಬ್ಬರು ಹಾಡಿಲ್ಲದ ಚಿತ್ರಗಳಿಗೂ ಬೇಕಾದವರಾದುದು ಅಪರೂಪದ ಸಂಗತಿ. ಇದರ ಗುಟ್ಟು ಒಂದೇ ಎಂದು ನನಗೆ ತೋರುತ್ತದೆ. ಕವಿತೆ ಬಂದಾಗ ಕವಿತೆಗೆ, ಪಾತ್ರ ಬಂದಾಗ ಪಾತ್ರಕ್ಕೆ, ಮೌನ ಬಂದಾಗ ಮೌನಕ್ಕೆ ಅವರು ದಾರಿ ಬಿಟ್ಟರು. ದಾರಿ ಬಿಡುವುದು ಸೋಲಲ್ಲವೆಂಬುದು ಅವರಿಗೆ ತಿಳಿದಿತ್ತು.

ದುಡಿಯ ನಾದದಲ್ಲಿ, ಕೊಡವ ನುಡಿಯ ಲಯದಲ್ಲಿ ಕಾವೇರಿಯನ್ನು ಹಾಡುವ ಚಲನಚಿತ್ರ ಸಂಗೀತ ಬರಬೇಕೆಂಬ ಹಂಬಲ ಕೊಡಗಿನವರಿಗಿದ್ದರೆ ಅದು ಯುಕ್ತವೇ. ಆ ಕೆಲಸಕ್ಕೆ ಕೈಹಾಕುವವರು ವಿಜಯಭಾಸ್ಕರರ ಹಾಡನ್ನು ಬದಿಗಿರಿಸಿಯೇ ಹೊರಡಬಹುದು; ಅವರ ಸಂಯಮವನ್ನು ಮಾತ್ರ ಜೊತೆಗೆ ಒಯ್ಯಬೇಕು. ಹೆಣ್ಣೊಬ್ಬಳನ್ನು ನದಿಯೆಂದು ಹೊಗಳುವುದು ಸುಲಭ. ಅವಳಿಗೆ ನದಿಯಂತೆ ಹರಿಯಲು ಎಡೆ ಕೊಡುವುದು ಕಷ್ಟ. ಕೇಳುಗರೇ, ಆ ಹಾಡು ಇನ್ನೊಮ್ಮೆ ನಿಮ್ಮ ಕಿವಿಗೆ ಬಿದ್ದಾಗ ಬ್ರಹ್ಮಗಿರಿಯಿಂದ ಇಳಿದುಬಂದವಳ ಜೊತೆಗೆ, ಹರಿಯಲಾರದೆ ಉಳಿದ ಇನ್ನೊಬ್ಬ ಕಾವೇರಿಯನ್ನೂ ನೆನೆಯಿರಿ.