ಕಾರ್ಕಳದ ಎರಡು ಬೆಟ್ಟಗಳು

ರಜಾದಿನ ಬಂತೆಂದರೆ ಉಡುಪಿ, ಮಣಿಪಾಲ, ಕಾಪುಗಳ ಸಂಸಾರವಂದಿಗರು ಬುತ್ತಿ ಕಟ್ಟಿಕೊಂಡು ಕಾರ್ಕಳಕ್ಕೆ ಹೊರಡುವುದುಂಟು. ನೀವೂ ಹೋಗಿರಬಹುದು, ಬೆಟ್ಟ ಹತ್ತಿ, ಗೊಮ್ಮಟನ ಪಾದದ ಬಳಿ ನಿಂತು, ಇಳಿದು ಬಂದಿರಬಹುದು. ಆದರೆ ನಿಮ್ಮೊಡನೆ ಹೊರಟವರೆಲ್ಲರೂ ಬೆಟ್ಟ ಹತ್ತಿದರೆ? ಮಂಡಿನೋವಿನ ಅಜ್ಜಿಯನ್ನು ಚಪ್ಪಲಿ, ಬುತ್ತಿಗಳ ಕಾವಲಿಗೆಂದು ಕೆಳಗೇ ಕೂರಿಸಿ ಹೋಗಲಿಲ್ಲವಷ್ಟೆ? ನಾವು ಒಮ್ಮೆ ಹಾಗೆಯೇ ಮಾಡಿದೆವು.

ಆ ಮೂರ್ತಿಯ ಕಥೆಯನ್ನು ತುಸು ನೆನೆಯಿರಿ. ಶ್ರವಣಬೆಳಗೊಳದ ಗೊಮ್ಮಟನನ್ನು ಬೆಟ್ಟದ ನೆತ್ತಿಯ ಬಂಡೆಯಲ್ಲೇ ಕಡೆದರು. ಕಾರ್ಕಳದ ಸಂಗತಿ ಬೇರೆ. ಸುಮಾರು 42 ಅಡಿ ಎತ್ತರದ ಈ ಏಕಶಿಲೆಯನ್ನು ಬಂಡಿಯ ಮೇಲೇರಿಸಿ, ಜನರು ಎಳೆದು ಬೆಟ್ಟಕ್ಕೆ ತಂದರೆಂದು ಚಂದ್ರಮ ಕವಿಯು 17ನೆಯ ಶತಮಾನದಲ್ಲಿ ಬರೆದ ಚರಿತೆ ಹೇಳುತ್ತದೆ. ಭೈರರಸರ ವಂಶದ ವೀರಪಾಂಡ್ಯನು ಗುರು ಲಲಿತಕೀರ್ತಿಗಳ ಉಪದೇಶದಂತೆ 1432ರ ಫೆಬ್ರವರಿ 13ರಂದು ಪ್ರತಿಷ್ಠೆ ಮಾಡಿಸಿದನು. ಕಾರ್ಕಳದ ಜೈನ ಮಠದ ಗುರುಗಳಿಗೆ ಲಲಿತಕೀರ್ತಿ ಎಂಬುದೇ ಪರಂಪರೆಯ ಹೆಸರು. ಅಷ್ಟು ದೊಡ್ಡ ಕಲ್ಲನ್ನು ಹೊತ್ತು ತಂದ ಬೆಟ್ಟದಡಿಯಲ್ಲಿ ನಾವು ಒಬ್ಬ ಮುದುಕಿಯನ್ನು ಬಿಟ್ಟು ಹತ್ತಿದ್ದೆವು!

ಮರುವರ್ಷ ಕ್ರಮವನ್ನೇ ಬದಲಿಸಿದೆವು. ಗೊಮ್ಮಟನ ಬೆಟ್ಟದೆದುರಿಗೆ ಸಣ್ಣದೊಂದು ಬಂಡೆಗುಡ್ಡವಿದೆ. ಅದರ ಮೇಲಿರುವುದೇ ಚತುರ್ಮುಖ ಬಸದಿ. ಇಮ್ಮಡಿ ಭೈರರಸನು 1586ರಲ್ಲಿ ಕಟ್ಟಿಸಿದ್ದು. ಬಿಸಿಲೇರುವ ಮೊದಲೇ, ಅಜ್ಜಿಯ ಹೆಜ್ಜೆಗೆ ನಮ್ಮ ಹೆಜ್ಜೆ ಕೂಡಿಸಿ, ನಡುನಡುವೆ ಕುಳಿತು ಮೇಲೇರಿದೆವು.

ಬಸದಿಗೆ ನಾಲ್ಕು ದಿಕ್ಕಿಗೂ ನಾಲ್ಕು ಬಾಗಿಲು. ಯಾವ ಬಾಗಿಲಿಂದ ನೋಡಿದರೂ ಅರ, ಮಲ್ಲಿ, ಮುನಿಸುವ್ರತ ಎಂಬ ಮೂವರು ತೀರ್ಥಂಕರರೇ ನಿಂತಿದ್ದಾರೆ. ಸುತ್ತ ಕಂಬಗಳ ಸಾಲು, ಮೇಲೆ ಕಲ್ಲುಚಪ್ಪಡಿಯ ಮಾಡು. "ಇದಕ್ಕೆ ಮುಂಬಾಗಿಲು ಯಾವುದಜ್ಜಿ?" ಎಂದು ಮಗು ಕೇಳಿತು. "ನೀನು ಬಂದು ನಿಂತದ್ದೇ ಮುಂಬಾಗಿಲು" ಎಂದರು ಅಜ್ಜಿ. ಆಮೇಲೆ ಕಂಬಕ್ಕೆ ಒರಗಿ ಕುಳಿತು, ಎದುರು ಬೆಟ್ಟದ ಗೊಮ್ಮಟನನ್ನು ಬಹಳ ಹೊತ್ತು ನೋಡಿದರು. ಹಿಂದಿನ ವರ್ಷ ಕೆಳಗೆ ಕುಳಿತಾಗ ತಾನು ಏನನ್ನೂ ಕಾಣಲಿಲ್ಲವೆಂದು ಅವರು ಅಂದೇ ಹೇಳಿದ್ದು.

ನೀವು ಹೋಗುವಾಗ ಬೆಳಗ್ಗೆಯೇ ಹೊರಡಿ. ಮಧ್ಯಾಹ್ನ ಬಂಡೆ ಬರಿಗಾಲನ್ನು ಸುಡುತ್ತದೆ. ಕುಡಿಯುವ ನೀರು ಜೊತೆಗಿರಲಿ. ಮೊದಲು ಸಣ್ಣ ಗುಡ್ಡ ಹತ್ತಿ. ದೊಡ್ಡದು ಆಮೇಲೆ, ಕೈಲಾದವರಿಗೆ. ಚಪ್ಪಲಿಗೆ ಕಾವಲು ಬೇಡ. ಅಜ್ಜಿಗೆ ನಿಮ್ಮ ಕೈ ಕೊಡಿ.